ಶಾಂತ ಸಾಗರದ ಅಶಾಂತ ದ್ವೀಪಗಳು

ಬಿಕಿನಿ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸಿನಿಮಾ ತಾರೆಯರ ಈಜುಡುಗೆ. ಆ ಉಡುಗೆಗೆ ಹೆಸರು ಕೊಟ್ಟದ್ದು ಒಂದು ಊರು ಎಂಬುದಾಗಲಿ, ಆ ಊರಿನ ಜನ ಇಂದಿಗೂ ತಮ್ಮ ಮಣ್ಣಿಗೆ ಮರಳಲಾಗದೆ ಪರಸ್ಥಳದಲ್ಲಿ ಬದುಕುತ್ತಿದ್ದಾರೆ ಎಂಬುದಾಗಲಿ ಎಷ್ಟು ಮಂದಿಗೆ ಗೊತ್ತು?

1946ರ ಜುಲೈ 1ರಂದು ಪೆಸಿಫಿಕ್ ಸಾಗರದ ನಡುವಿನ ಬಿಕಿನಿ ಎಂಬ ಹವಳದ್ವೀಪದಲ್ಲಿ ಅಮೆರಿಕ ಒಂದು ಪರಮಾಣು ಬಾಂಬನ್ನು ಸಿಡಿಸಿತು. ಹಿರೋಶಿಮಾ, ನಾಗಾಸಾಕಿಗಳ ನಂತರ ಜಗತ್ತು ಕಂಡ ಮೊದಲ ಅಣುಸ್ಫೋಟ ಅದು. ನಾಲ್ಕು ದಿನಗಳ ಬಳಿಕ, ಜುಲೈ 5ರಂದು, ಪ್ಯಾರಿಸ್ಸಿನಲ್ಲಿ ಲೂಯಿ ರೇಆರ್ ಎಂಬ ವಿನ್ಯಾಸಕಾರ ಎರಡು ತುಂಡಿನ ಈಜುಡುಗೆಯೊಂದನ್ನು ಪ್ರದರ್ಶಿಸಿದ. ಪತ್ರಿಕೆಗಳ ತುಂಬ ಆಗ ಬಾಂಬಿನದೇ ಸುದ್ದಿ. ತನ್ನ ಸರಕಿಗೂ ಅಷ್ಟೇ ಸದ್ದು ಬರಲೆಂದು ಆತ ಅದಕ್ಕೆ 'ಬಿಕಿನಿ' ಎಂದೇ ಹೆಸರಿಟ್ಟ. ಉಡುಪು ಜಗತ್ಪ್ರಸಿದ್ಧವಾಯಿತು. ಊರು ಮರೆತುಹೋಯಿತು.

ಹಾಗೆ ಆರಂಭವಾದ ಪರೀಕ್ಷೆಗಳು ನಿಂತದ್ದು ಬರೋಬ್ಬರಿ ಐವತ್ತು ವರ್ಷಗಳ ಮೇಲೆ, 1996ರಲ್ಲಿ. ಅಮೆರಿಕ, ಬ್ರಿಟನ್, ಫ್ರಾನ್ಸ್ ಈ ಮೂರು ದೇಶಗಳು ಸೇರಿ ಪೆಸಿಫಿಕ್ ದ್ವೀಪಗಳಲ್ಲಿ ಮುನ್ನೂರಕ್ಕೂ ಹೆಚ್ಚು ಅಣ್ವಸ್ತ್ರಗಳನ್ನು ಸಿಡಿಸಿದವು. ಪೆಸಿಫಿಕ್ ಎಂದರೆ ಶಾಂತ ಎಂದರ್ಥ. ನಮ್ಮ ಶಾಲಾ ಪುಸ್ತಕಗಳೂ ಅದನ್ನು ಶಾಂತ ಸಾಗರ ಎಂದೇ ಕರೆದಿವೆ. ಇಪ್ಪತ್ತನೇ ಶತಮಾನದಲ್ಲಿ ಇಷ್ಟು ಸ್ಫೋಟಗಳನ್ನು ಕಂಡ ಸಾಗರ ಬೇರೊಂದಿಲ್ಲ ಎಂಬುದು ವಿಧಿಯ ವ್ಯಂಗ್ಯ.

ದೂರ, ಆದರೆ ಯಾರಿಗೆ?

ಬಿಕಿನಿ ಇರುವುದು ಮಾರ್ಷಲ್ ದ್ವೀಪಗಳಲ್ಲಿ. ಹವಾಯಿ ಮತ್ತು ಆಸ್ಟ್ರೇಲಿಯಾಗಳ ನಡುವೆ, ಸಮಭಾಜಕ ವೃತ್ತದಿಂದ ತುಸು ಮೇಲಕ್ಕೆ ಚೆಲ್ಲಿಕೊಂಡಿರುವ ಈ ದ್ವೀಪಗಳು ಎರಡು ಸಾಲುಗಳಾಗಿವೆ. ಪೂರ್ವದ ಸಾಲಿಗೆ ರಟಕ್, ಅಂದರೆ ಸೂರ್ಯೋದಯ ಎಂದು ಹೆಸರು. ಪಶ್ಚಿಮದ ಸಾಲು ರಾಲಿಕ್, ಅಂದರೆ ಸೂರ್ಯಾಸ್ತ. ಇಲ್ಲಿನ ದ್ವೀಪಗಳು ನಮ್ಮ ಕಲ್ಪನೆಯ ದ್ವೀಪದಂತಲ್ಲ. ಕಡಲಾಳದ ಹಳೆಯ ಜ್ವಾಲಾಮುಖಿಯೊಂದು ಮೆಲ್ಲನೆ ಕುಸಿಯುತ್ತಾ ಹೋದಂತೆ ಅದರ ಅಂಚಿನಲ್ಲಿ ಹವಳದ ಹುಳುಗಳು ಗೂಡು ಕಟ್ಟುತ್ತಾ ಮೇಲಕ್ಕೆ ಬರುತ್ತವೆ. ಕೊನೆಗೆ ಬೆಟ್ಟ ಮುಳುಗಿ ಬಳೆಯಂಥ ಹವಳದ ದಿಬ್ಬ ಮಾತ್ರ ಉಳಿಯುತ್ತದೆ. ಬಳೆಯ ಮೇಲೆ ಅಲ್ಲಲ್ಲಿ ಪುಟ್ಟ ಪುಟ್ಟ ನೆಲಗಳು, ನಡುವೆ ತಿಳಿಯಾದ ಉಪ್ಪುನೀರಿನ ಕೊಳ. ಈ ವಿವರಣೆಯನ್ನು ಹತ್ತೊಂಬತ್ತನೇ ಶತಮಾನದಲ್ಲೇ ಕೊಟ್ಟವನು ಚಾರ್ಲ್ಸ್ ಡಾರ್ವಿನ್. ಅದು ನಿಜವೆಂದು ಖಚಿತವಾದದ್ದು 1952ರಲ್ಲಿ, ಎನೆವೆಟಕ್ ಎಂಬ ದ್ವೀಪದಲ್ಲಿ 1,200 ಮೀಟರಿಗೂ ಆಳಕ್ಕೆ ಕೊರೆದಾಗ ಜ್ವಾಲಾಮುಖಿಯ ಶಿಲೆ ಸಿಕ್ಕಿದ ಮೇಲೆ. ಅದೇ ವರ್ಷ ಅದೇ ಎನೆವೆಟಕ್‌ನಲ್ಲಿ ಒಂದು ಇಡೀ ದ್ವೀಪವನ್ನೇ ಬಾಂಬು ನುಂಗಿಹಾಕಿತು. ಆ ಕಥೆ ಮುಂದೆ ಬರುತ್ತದೆ.

ಈ ದ್ವೀಪಗಳನ್ನು ಆಳಿದವರು ಅನೇಕರು. 1880ರ ದಶಕದಲ್ಲಿ ಜರ್ಮನಿ ಬಂತು. 1914ರಲ್ಲಿ ಜಪಾನ್ ವಶಪಡಿಸಿಕೊಂಡಿತು. 1944ರಲ್ಲಿ ಅಮೆರಿಕ ಘೋರ ಕಾಳಗ ನಡೆಸಿ ಜಪಾನನ್ನು ಓಡಿಸಿತು. 1947ರಲ್ಲಿ ವಿಶ್ವಸಂಸ್ಥೆ ಈ ದ್ವೀಪಗಳ ಪಾಲಕತ್ವವನ್ನು ಅಮೆರಿಕಕ್ಕೆ ವಹಿಸಿಕೊಟ್ಟಿತು. ಆ ಒಪ್ಪಂದದಲ್ಲಿ ಒಂದು ಮಾತಿದೆ: ನಿವಾಸಿಗಳ ಆರೋಗ್ಯವನ್ನು ಕಾಪಾಡಬೇಕು, ಅವರ ಭೂಮಿ ಮತ್ತು ಸಂಪನ್ಮೂಲಗಳು ಕೈತಪ್ಪದಂತೆ ರಕ್ಷಿಸಬೇಕು. ಮುಂದಿನದನ್ನೆಲ್ಲ ಓದುವಾಗ ಈ ಮಾತು ನೆನಪಿರಲಿ.

ಇಷ್ಟಕ್ಕೂ ಬಿಕಿನಿಯನ್ನೇ ಏಕೆ ಆರಿಸಿದರು? ಹಡಗುಗಳು ಲಂಗರು ಹಾಕಲು ವಿಶಾಲವಾದ ಕೊಳವಿತ್ತು. ಹಡಗುಗಳು, ವಿಮಾನಗಳು ನಿತ್ಯ ಓಡಾಡುವ ದಾರಿಯಿಂದ ಅದು ದೂರವಿತ್ತು. ಬಾಂಬರ್ ವಿಮಾನಗಳ ನೆಲೆ ಕ್ವಾಜಲೇನ್ ಹತ್ತಿರದಲ್ಲಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಅಲ್ಲಿದ್ದ ಜನರ ಸಂಖ್ಯೆ ಬಹಳ ಕಡಿಮೆ, ಕೇವಲ 167. ನಕ್ಷೆ ನೋಡಿ ಬೆರಳಿಟ್ಟವರಿಗೆ ಅದು 'ದೂರದ' ದ್ವೀಪ. ಅಲ್ಲಿಯೇ ಹುಟ್ಟಿ ಅಲ್ಲಿಯೇ ಮಣ್ಣಾಗುತ್ತಿದ್ದವರಿಗೆ? ಅದೇ ಪ್ರಪಂಚದ ನಡುಮನೆ.

'ತಾತ್ಕಾಲಿಕ'ವಾಗಿ ಬಿಟ್ಟ ಊರು

1946ರ ಫೆಬ್ರವರಿ 10, ಭಾನುವಾರ. ಬಿಕಿನಿಯ ಜನ ಚರ್ಚಿನಿಂದ ಹೊರಬಂದಿದ್ದರಷ್ಟೆ. ಅಮೆರಿಕನ್ ಮಿಷನರಿಗಳ ಪ್ರಭಾವದಿಂದ ಅವರು ಕ್ರೈಸ್ತರಾಗಿ ಕೆಲವು ತಲೆಮಾರುಗಳೇ ಕಳೆದಿದ್ದವು. ಮಾರ್ಷಲ್ ದ್ವೀಪಗಳ ಸೇನಾ ಗವರ್ನರ್ ಕಮಡೋರ್ ಬೆನ್ ವ್ಯಾಟ್ ಅವರನ್ನು ತೆಂಗಿನ ಮರಗಳ ಕೆಳಗೆ ಕೂರಿಸಿ ಮಾತನಾಡಿದ. ವಾಗ್ದತ್ತ ಭೂಮಿಯತ್ತ ನಡೆದ ಇಸ್ರೇಲಿನ ಮಕ್ಕಳಿಗೆ ಅವರನ್ನು ಹೋಲಿಸಿದ. ಮನುಕುಲದ ಒಳಿತಿಗಾಗಿ, ಎಲ್ಲ ಮಹಾಯುದ್ಧಗಳನ್ನು ಕೊನೆಗಾಣಿಸುವುದಕ್ಕಾಗಿ ನಿಮ್ಮ ದ್ವೀಪವನ್ನು ತಾತ್ಕಾಲಿಕವಾಗಿ ಬಿಟ್ಟುಕೊಡುವಿರಾ ಎಂದು ಕೇಳಿದ.

ಮುಖಂಡ ಜುಡಾ ತನ್ನವರೊಂದಿಗೆ ಸಮಾಲೋಚಿಸಿ, ಹೋಗುತ್ತೇವೆ, ಎಲ್ಲವೂ ದೇವರ ಕೈಯಲ್ಲಿದೆ ಎಂದ. ಇದು ಒಪ್ಪಿಗೆಯೇ? ಸ್ಥಳದ ಆಯ್ಕೆ ವಾಷಿಂಗ್ಟನ್ನಿನಲ್ಲಿ ಜನವರಿಯಲ್ಲೇ ಮುಗಿದಿತ್ತು. ಎರಡು ವರ್ಷದ ಹಿಂದಷ್ಟೇ ಜಪಾನಿನ ಮಹಾಸೈನ್ಯವನ್ನು ಸೋಲಿಸಿದ್ದ ದೇಶ ಬಾಗಿಲಲ್ಲಿ ನಿಂತು ಮನೆ ಕೇಳಿದರೆ 167 ಮಂದಿ ಇಲ್ಲ ಎನ್ನುವುದಾದರೂ ಹೇಗೆ? ಮುಂದಿನ ತಿಂಗಳು ಚಲನಚಿತ್ರ ಕ್ಯಾಮೆರಾಗಳ ಮುಂದೆ ಈ 'ಒಪ್ಪಿಗೆ'ಯ ದೃಶ್ಯವನ್ನು ಮತ್ತೆ ಮತ್ತೆ ನಟಿಸಿ ತೋರಿಸಲಾಯಿತು. ಮರುದಿನ, ಮಾರ್ಚ್ 7ರಂದು, ನೌಕಾಪಡೆಯ ಹಡಗೊಂದು ಊರನ್ನು ಹೊತ್ತು ಹೊರಟಿತು.

ಅವರನ್ನು ಇಳಿಸಿದ್ದು ರಾಂಗೆರಿಕ್ ಎಂಬ ಜನವಸತಿಯಿಲ್ಲದ ದ್ವೀಪದಲ್ಲಿ. ಬಿಕಿನಿಯ ಕಾಲುಭಾಗವೂ ಇಲ್ಲದ ನೆಲ, ಬಡಕಲು ತೆಂಗಿನ ಮರಗಳು, ಕೆಲವು ಜಾತಿಯ ಮೀನು ತಿಂದರೆ ವಿಷ. ಎರಡು ವರ್ಷದೊಳಗೆ ಜನ ಉಪವಾಸ ಬೀಳುವ ಸ್ಥಿತಿಗೆ ಬಂದರು. 1948ರ ಮಾರ್ಚ್‌ನಲ್ಲಿ ಅವರನ್ನು ಕ್ವಾಜಲೇನ್‌ನ ಡೇರೆಗಳಿಗೆ ಸಾಗಿಸಲಾಯಿತು. ಅದೇ ನವೆಂಬರ್‌ನಲ್ಲಿ ಕಿಲಿ ಎಂಬ ಒಂಟಿ ದ್ವೀಪಕ್ಕೆ. ಕಿಲಿಗೆ ಕೊಳವಿಲ್ಲ. ವರ್ಷದ ಹಲವು ತಿಂಗಳು ಅಲೆಗಳ ಹೊಡೆತಕ್ಕೆ ದೋಣಿ ಇಳಿಸುವಂತಿಲ್ಲ. ಮೀನುಗಾರಿಕೆಯೇ ಬದುಕಾಗಿದ್ದವರು ಕಡಲನ್ನು ನೋಡುತ್ತಾ ಡಬ್ಬಿ ಆಹಾರಕ್ಕೆ ಕಾಯುವಂತಾಯಿತು.

ಸೋಪು ನೀರಿಗೆ ಹೋಗದ ಕೊಳೆ

ಇತ್ತ ಬಿಕಿನಿಯ ಕೊಳದಲ್ಲಿ ತೊಂಬತ್ತಕ್ಕೂ ಹೆಚ್ಚು ಹಳೆಯ ಹಡಗುಗಳನ್ನು ತಂದು ನಿಲ್ಲಿಸಲಾಗಿತ್ತು. ಅಮೆರಿಕದ್ದೇ ವಿಮಾನವಾಹಕ ನೌಕೆ 'ಸಾರಟೋಗ', ಜಪಾನಿನಿಂದ ವಶಪಡಿಸಿಕೊಂಡ 'ನಗಾಟೊ', ಜರ್ಮನಿಯ 'ಪ್ರಿನ್ಸ್ ಯೂಜೆನ್' ಎಲ್ಲವೂ ಅದರಲ್ಲಿದ್ದವು. ಅಣುಬಾಂಬಿನ ಮುಂದೆ ನೌಕಾಪಡೆಗೆ ಉಳಿಗಾಲವುಂಟೇ ಎಂಬುದು ಪರೀಕ್ಷೆಯ ಪ್ರಶ್ನೆ. ಹಡಗುಗಳ ಮೇಲೆ ಮನುಷ್ಯರ ಬದಲು ಆಡು, ಹಂದಿ, ಇಲಿಗಳನ್ನು ಕಟ್ಟಿಹಾಕಿದ್ದರು. ನೋಡಲು ಪತ್ರಕರ್ತರನ್ನೂ ವಿದೇಶಿ ಪ್ರತಿನಿಧಿಗಳನ್ನೂ ಕರೆಯಲಾಗಿತ್ತು.

ಜುಲೈ 1ರಂದು ವಿಮಾನದಿಂದ ಬೀಳಿಸಿದ ಬಾಂಬು ಗುರಿ ತಪ್ಪಿ ಆರುನೂರು ಮೀಟರಿಗೂ ಹೆಚ್ಚು ದೂರದಲ್ಲಿ ಸಿಡಿಯಿತು. ಇಷ್ಟೆಯೇ ಎಂದು ಬಂದವರಲ್ಲಿ ಕೆಲವರು ಮೂಗು ಮುರಿದರು. ಜುಲೈ 25ರಂದು ನೀರಿನೊಳಗೆ 27 ಮೀಟರ್ ಆಳದಲ್ಲಿ ಸಿಡಿಸಿದ ಎರಡನೇ ಬಾಂಬಿನ ಕಥೆಯೇ ಬೇರೆ. ಆಕಾಶಕ್ಕೆ ಎದ್ದ ನೀರಿನ ಕಂಬ ಮರಳಿ ಕೊಳಕ್ಕೆ ಬಿದ್ದಾಗ ವಿಕಿರಣಶೀಲ ಮಂಜು ಹಡಗುಗಳನ್ನೆಲ್ಲ ಮುಚ್ಚಿತು. ನಾವಿಕರು ಸೋಪು, ಬ್ರಷ್ಷು ಹಿಡಿದು ದಿನಗಟ್ಟಲೆ ಹಡಗು ತಿಕ್ಕಿದರು. ವಿಕಿರಣ ಮಾಪಕದ ಮುಳ್ಳು ಕೆಳಗಿಳಿಯಲಿಲ್ಲ. ಕಣ್ಣಿಗೆ ಕಾಣದ, ವಾಸನೆಯಿಲ್ಲದ, ತೊಳೆದರೆ ಹೋಗದ ಕೊಳೆ ಅದು. ಸುರಕ್ಷತೆಯ ಹೊಣೆ ಹೊತ್ತಿದ್ದ ಸ್ಟ್ಯಾಫರ್ಡ್ ವಾರೆನ್ ಎಂಬ ವೈದ್ಯ ಪಟ್ಟುಹಿಡಿದ ಕಾರಣ ತಿಕ್ಕುವ ಕೆಲಸ ನಿಂತಿತು. ಮೂರನೇ ಪರೀಕ್ಷೆ ರದ್ದಾಯಿತು.

ಅಂದರೆ, ಬಾಂಬಿನ ಬೆಂಕಿಗಿಂತ ಅದು ಬಿಟ್ಟುಹೋಗುವ ಬೂದಿಯೇ ಹೆಚ್ಚು ಕಾಲ ಕಾಡುತ್ತದೆ ಎಂಬ ಪಾಠ ಅಮೆರಿಕಕ್ಕೆ 1946ರಲ್ಲಿಯೇ ಸಿಕ್ಕಿತ್ತು. ಆದರೂ 1947ರ ಡಿಸೆಂಬರ್‌ನಲ್ಲಿ ಎನೆವೆಟಕ್‌ನ ಜನರನ್ನೂ ಎಬ್ಬಿಸಿ ಉಜೆಲಾಂಗ್ ದ್ವೀಪಕ್ಕೆ ಸಾಗಿಸಲಾಯಿತು. 1952ರ ನವೆಂಬರ್ 1ರಂದು ಅಲ್ಲಿ 'ಮೈಕ್' ಎಂಬ ಜಲಜನಕ ಸಾಧನ ಸಿಡಿಯಿತು. ಪರಮಾಣುವನ್ನು ಒಡೆಯುವ ಬದಲು ಬೆಸೆಯುವ ಹೊಸ ವಿದ್ಯೆ ಅದು. ಬಲ 10.4 ಮೆಗಾಟನ್. ಎಲುಗೆಲಾಬ್ ಎಂಬ ದ್ವೀಪ ಇದ್ದ ಜಾಗದಲ್ಲಿ ಸುಮಾರು ಎರಡು ಕಿಲೋಮೀಟರ್ ಅಗಲದ ಗುಂಡಿ ಉಳಿಯಿತು. ಆ ದ್ವೀಪವನ್ನು ನಕ್ಷೆಯಿಂದ ಅಳಿಸಬೇಕಾಯಿತು.

ಬೂದಿ ಸುರಿದ ಬೆಳಗು

ಈ ಇತಿಹಾಸದ ಅತಿ ಕರಾಳ ದಿನ 1954ರ ಮಾರ್ಚ್ 1. ಮುಂಜಾನೆ ಬಿಕಿನಿಯಲ್ಲಿ 'ಬ್ರಾವೊ' ಎಂಬ ಜಲಜನಕ ಬಾಂಬ್ ಸಿಡಿಯಿತು. ವಿಜ್ಞಾನಿಗಳ ಲೆಕ್ಕ ಸುಮಾರು ಆರು ಮೆಗಾಟನ್. ಸಿಡಿದದ್ದು 15 ಮೆಗಾಟನ್, ಅಂದರೆ ಹಿರೋಶಿಮಾ ಬಾಂಬಿನ ಸಾವಿರ ಪಟ್ಟು! ಲೆಕ್ಕ ತಪ್ಪಿದ್ದೆಲ್ಲಿ? ಇಂಧನದಲ್ಲಿ ಲಿಥಿಯಂ ಧಾತುವಿನ ಎರಡು ರೂಪಗಳಿದ್ದವು. ಅದರಲ್ಲಿ ಲಿಥಿಯಂ-6 ಮಾತ್ರ ಕ್ರಿಯೆಯಲ್ಲಿ ಪಾಲ್ಗೊಳ್ಳುತ್ತದೆ, ಲಿಥಿಯಂ-7 ಸುಮ್ಮನಿರುತ್ತದೆ ಎಂದು ತಜ್ಞರು ನಂಬಿದ್ದರು. ಅದು ಸುಮ್ಮನಿರಲಿಲ್ಲ. ಸ್ಫೋಟದ ತೀವ್ರತೆಯಲ್ಲಿ ಅದೂ ಒಡೆದು ಹೊಸ ಇಂಧನವಾಗಿ ಉರಿಯಿತು.

ಇದು ಅರಿಯದೆ ಆದ ತಪ್ಪು ಎನ್ನೋಣ. ಆದರೆ ಗಾಳಿಯ ವಿಷಯ ಹಾಗಲ್ಲ. ಮೇಲಿನ ಸ್ತರದ ಗಾಳಿ ಪೂರ್ವಕ್ಕೆ, ಜನರಿದ್ದ ರಾಂಗೆಲಾಪ್ ದ್ವೀಪದ ಕಡೆಗೆ ತಿರುಗುತ್ತಿದೆ ಎಂಬ ವರದಿ ಸ್ಫೋಟಕ್ಕೆ ಕೆಲವು ಗಂಟೆ ಮೊದಲೇ ಅಧಿಕಾರಿಗಳ ಕೈ ಸೇರಿತ್ತು. ಆದರೂ ಪರೀಕ್ಷೆ ಮುಂದೂಡಲಿಲ್ಲ. 1946ರಲ್ಲಿ ಹೆಚ್ಚು ಚಿಕ್ಕ ಬಾಂಬಿಗೆ ರಾಂಗೆಲಾಪ್‌ನ ಜನರನ್ನು ಮುಂಜಾಗ್ರತೆಯಾಗಿ ಬೇರೆಡೆಗೆ ಸಾಗಿಸಿದ್ದರು. ಈ ಬಾರಿ ಅದೂ ಇಲ್ಲ.

ರಾಂಗೆಲಾಪ್ ಇರುವುದು ಬಿಕಿನಿಯಿಂದ ಪೂರ್ವಕ್ಕೆ ಸುಮಾರು 150 ಕಿಲೋಮೀಟರ್ ದೂರದಲ್ಲಿ. ಅಂದು ಬೆಳಿಗ್ಗೆ ಅಲ್ಲಿನವರು ಪಶ್ಚಿಮದಲ್ಲಿ ಭಾರೀ ಬೆಳಕು ಕಂಡರು. ಕೆಲವು ಗಂಟೆಗಳ ನಂತರ ಆಕಾಶದಿಂದ ಬಿಳಿಯ ಪುಡಿ ಉದುರತೊಡಗಿತು. ಸುಟ್ಟು ಸುಣ್ಣವಾದ ಹವಳದ ಪುಡಿ ಅದು. ಹಿಮವನ್ನು ಕಾಣದ ಮಕ್ಕಳು ಅದರಲ್ಲಿ ಆಡಿದರು, ಮೈಗೆ ಬಳಿದುಕೊಂಡರು. ಕುಡಿಯುವ ನೀರಿನ ತೊಟ್ಟಿಗೂ ಅದು ಬಿತ್ತು. ಸಂಜೆಯ ಹೊತ್ತಿಗೆ ವಾಂತಿ, ಭೇದಿ, ಮೈತುರಿಕೆ. ಮುಂದಿನ ದಿನಗಳಲ್ಲಿ ಚರ್ಮ ಸುಟ್ಟ ಗಾಯಗಳು, ಕೈಗೆ ಬರುವ ಕೂದಲು.

ಪಕ್ಕದ ರಾಂಗೆರಿಕ್‌ನಲ್ಲಿ ಹವಾಮಾನ ವೀಕ್ಷಣೆಗೆಂದು 28 ಅಮೆರಿಕನ್ ಸೈನಿಕರಿದ್ದರು. ಅವರನ್ನು ಮರುದಿನವೇ ಕರೆದೊಯ್ದರು. ರಾಂಗೆಲಾಪ್‌ನ 64 ಮಂದಿಗೆ ಹಡಗು ಬಂದದ್ದು ಮಾರ್ಚ್ 3ರಂದು, ಎರಡು ದಿನಗಳ ತರುವಾಯ. ಇನ್ನೂ ದೂರದ ಉಟಿರಿಕ್‌ನ ನೂರೈವತ್ತಕ್ಕೂ ಹೆಚ್ಚು ಮಂದಿಗೆ ಮಾರ್ಚ್ 4ರಂದು.

ಆ ಹೊತ್ತಿಗೆ ಕಡಲಿನಲ್ಲಿ ಇನ್ನೊಂದು ದುರಂತ ನಡೆದಿತ್ತು. 'ಐದನೇ ಅದೃಷ್ಟ ಡ್ರ್ಯಾಗನ್' ಎಂಬ ಅರ್ಥದ ಹೆಸರಿನ ಜಪಾನಿ ಮೀನುಗಾರಿಕಾ ದೋಣಿಯೊಂದು ಅಮೆರಿಕ ಗುರುತಿಸಿದ್ದ ಅಪಾಯ ವಲಯದ ಆಚೆಯೇ ಮೀನು ಹಿಡಿಯುತ್ತಿತ್ತು. ಅದರ 23 ಮೀನುಗಾರರ ಮೇಲೂ ಬೂದಿ ಸುರಿಯಿತು. ಮಾರ್ಚ್ 14ರಂದು ಯೈಜು ಬಂದರಿಗೆ ಅವರು ಮರಳಿದಾಗ ಮುಖಗಳು ಕಪ್ಪಿಟ್ಟಿದ್ದವು. ದೋಣಿಯ ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮ ಸೆಪ್ಟೆಂಬರ್ 23ರಂದು ತೀರಿಕೊಂಡ. ಜಪಾನಿನ ಜನ ಆ ಪುಡಿಯನ್ನು 'ಸಾವಿನ ಬೂದಿ' ಎಂದು ಕರೆದರು. ಟೋಕಿಯೋದ ಸುಗಿನಾಮಿ ಬಡಾವಣೆಯ ಗೃಹಿಣಿಯರು ಮುಂದೆ ನಿಂತು ಆರಂಭಿಸಿದ ಸಹಿ ಚಳವಳಿಗೆ ಮರುವರ್ಷದ ಹೊತ್ತಿಗೆ ಮೂರು ಕೋಟಿಗೂ ಹೆಚ್ಚು ಸಹಿಗಳು ಬಿದ್ದವು. ಬಾಂಬಿನಿಂದ ಎಚ್ಚೆತ್ತ ಕಡಲ ರಾಕ್ಷಸನ ಕಥೆಯುಳ್ಳ 'ಗೊಡ್ಜಿಲ್ಲಾ' ಚಿತ್ರ ತೆರೆಕಂಡದ್ದೂ ಅದೇ ವರ್ಷದ ನವೆಂಬರ್‌ನಲ್ಲಿ.

ಭಾರತವೂ ಸುಮ್ಮನಿರಲಿಲ್ಲ. ಬ್ರಾವೊ ಸಿಡಿದ ತಿಂಗಳ ಬಳಿಕ, 1954ರ ಏಪ್ರಿಲ್ 2ರಂದು, ಪ್ರಧಾನಿ ಜವಾಹರಲಾಲ್ ನೆಹರೂ ಲೋಕಸಭೆಯಲ್ಲಿ ಒಂದು ಸಲಹೆ ಮುಂದಿಟ್ಟರು. ಅಸ್ತ್ರಗಳ ತಯಾರಿಕೆ ನಿಲ್ಲಿಸಲು ಸಮಯ ಹಿಡಿದರೂ ಚಿಂತೆಯಿಲ್ಲ, ಮೊದಲು ಸ್ಫೋಟಗಳನ್ನಾದರೂ ನಿಲ್ಲಿಸುವ ಒಪ್ಪಂದವಾಗಲಿ ಎಂಬುದು ಅದರ ಸಾರ. ಅಣುಪರೀಕ್ಷೆ ನಿಷೇಧದ ಬಗ್ಗೆ ಸರ್ಕಾರವೊಂದರ ಮುಖ್ಯಸ್ಥರು ಎತ್ತಿದ ಮೊದಲ ದನಿಗಳಲ್ಲಿ ಅದೂ ಒಂದು.

ಅದೇ ಏಪ್ರಿಲ್ 20ರಂದು ಮಾರ್ಷಲ್ ದ್ವೀಪಗಳ ಜನ ವಿಶ್ವಸಂಸ್ಥೆಗೆ ಮನವಿ ಬರೆದರು. ಪರೀಕ್ಷೆ ನಿಲ್ಲಿಸಿ ಎಂಬುದು ಮೊದಲ ಕೋರಿಕೆ. ನಿಲ್ಲಿಸಲಾಗದಿದ್ದರೆ ಕನಿಷ್ಠ ಪಕ್ಷ ಎಚ್ಚರಿಕೆ ವಹಿಸಿ ಎಂಬುದು ಎರಡನೆಯದು. ತಮಗೆ ಭೂಮಿ ಎಂದರೆ ಬೆಳೆ ಬೆಳೆಯುವ, ಮನೆ ಕಟ್ಟುವ, ಸತ್ತವರನ್ನು ಹೂಳುವ ಜಾಗವಷ್ಟೇ ಅಲ್ಲ, ಅದೇ ಬದುಕು ಎಂದೂ ಅದರಲ್ಲಿ ವಿವರಿಸಿದ್ದರು. ಎಷ್ಟು ವಿನಯದ ಪತ್ರ! ಅದರ ನಂತರವೂ 1958ರವರೆಗೆ ಬಿಕಿನಿ, ಎನೆವೆಟಕ್‌ಗಳಲ್ಲಿ ನಲವತ್ತಕ್ಕೂ ಹೆಚ್ಚು ಸ್ಫೋಟಗಳಾದವು. ಒಟ್ಟು ಲೆಕ್ಕ 67. ಅವುಗಳ ಬಲವನ್ನು ಕೂಡಿಸಿದರೆ ಹನ್ನೆರಡು ವರ್ಷ ಕಾಲ ದಿನಕ್ಕೊಂದೂವರೆಯಂತೆ ಹಿರೋಶಿಮಾ ಬಾಂಬ್ ಸಿಡಿಸಿದ್ದಕ್ಕೆ ಸಮ.

ತೆಂಗಿನಕಾಯಿಯೊಳಗಿನ ವಿಷ

ರಾಂಗೆಲಾಪ್‌ನವರನ್ನು 1957ರಲ್ಲಿ ಊರಿಗೆ ಮರಳಿಸಲಾಯಿತು. ಇನ್ನು ಭಯವಿಲ್ಲ ಎಂದು ಅಧಿಕಾರಿಗಳು ಹೇಳಿದರು. ಆದರೆ ಬ್ರಾವೊ ಸಿಡಿದ ವಾರದಲ್ಲಿಯೇ ಇವರ ಮೇಲೆ ವಿಕಿರಣದ ಪರಿಣಾಮವನ್ನು ಅಧ್ಯಯನ ಮಾಡುವ ರಹಸ್ಯ ಯೋಜನೆ ಆರಂಭವಾಗಿತ್ತು. ಪ್ರತಿ ವರ್ಷ ಅಮೆರಿಕದಿಂದ ವೈದ್ಯರು ಬರುವರು, ರಕ್ತ, ಮೂತ್ರ ಸಂಗ್ರಹಿಸುವರು, ಹೋಗುವರು. ಕಲುಷಿತ ನೆಲದಲ್ಲಿ ಬದುಕುವ ಮನುಷ್ಯರ ಮಾಹಿತಿ ಬಹು ಉಪಯುಕ್ತ, ಈ ಜನ ನಾಗರಿಕರಂತೆ ಬದುಕುವವರಲ್ಲವಾದರೂ ಇಲಿಗಳಿಗಿಂತ ನಮಗೆ ಹೆಚ್ಚು ಹತ್ತಿರದವರು ಎಂಬ ಧಾಟಿಯ ಮಾತು 1956ರಲ್ಲಿ ಅಮೆರಿಕದ ಪರಮಾಣು ಶಕ್ತಿ ಆಯೋಗದ ಸಭೆಯೊಂದರಲ್ಲಿ ದಾಖಲಾಗಿದೆ. ತಮ್ಮನ್ನು ಪ್ರಯೋಗಕ್ಕೆ ಬಳಸಿಕೊಂಡರು ಎಂಬ ದ್ವೀಪವಾಸಿಗಳ ದೂರಿಗೆ ಅಮೆರಿಕ ಇಲ್ಲವೆನ್ನುತ್ತಲೇ ಬಂದಿದೆ. ಆ ಮಾತನ್ನು ಓದಿದವರಿಗೆ ದೂರು ಅಸಹಜವೆನಿಸದು.

1963ರಿಂದ ಥೈರಾಯ್ಡ್ ಗಂಟುಗಳು ಕಾಣಿಸಿಕೊಂಡವು. ಸ್ಫೋಟದ ಹೊತ್ತಿಗೆ ಹತ್ತು ವರ್ಷಕ್ಕಿಂತ ಚಿಕ್ಕವರಾಗಿದ್ದ ರಾಂಗೆಲಾಪ್‌ನ ಮಕ್ಕಳಲ್ಲಿ ಬಹುಪಾಲು ಮಂದಿಗೆ ಈ ತೊಂದರೆ ಬಂತು. ಬೂದಿಯಲ್ಲಿದ್ದ ವಿಕಿರಣಶೀಲ ಅಯೋಡಿನ್ ನೀರು, ಆಹಾರದ ಮೂಲಕ ಒಳಹೊಕ್ಕು ಕೊರಳಿನ ಆ ಪುಟ್ಟ ಗ್ರಂಥಿಯಲ್ಲಿ ಸೇರಿಕೊಂಡಿತ್ತು. ಅಂದಿನ ಗ್ರಾಮ ಮುಖ್ಯಸ್ಥ ಜಾನ್ ಅಂಜೈನ್ ಅವರ ಮಗ ಆಗ ಒಂದು ವರ್ಷದ ಕೂಸು. 1972ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರ್‌ನಿಂದ ಸತ್ತ. ಗರ್ಭಪಾತಗಳು, ಅಂಗವಿಕಲ ಶಿಶುಗಳ ಜನನ ಇವುಗಳ ಬಗ್ಗೆ ಅಲ್ಲಿನ ಹೆಂಗಸರು ದಶಕಗಳ ಕಾಲ ಸಾಕ್ಷ್ಯ ನುಡಿದಿದ್ದಾರೆ.

ಬಿಕಿನಿಯವರ ಕಥೆ ಇನ್ನೊಂದು ಬಗೆಯದು. 1968ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಬಿಕಿನಿ ಈಗ ಸುರಕ್ಷಿತ, ಮರಳಬಹುದು ಎಂದು ಘೋಷಿಸಿದರು. ಕಸ ಗುಡಿಸಿ, ಸಾಲಾಗಿ ತೆಂಗಿನ ಸಸಿ ನೆಟ್ಟರು. ಎಪ್ಪತ್ತರ ದಶಕದ ಆರಂಭದಲ್ಲಿ ಕೆಲವು ಕುಟುಂಬಗಳು ಹಿಂದಿರುಗಿದವು. ಆದರೆ ಪರೀಕ್ಷಿಸಿದಾಗಲೆಲ್ಲ ಅವರ ಮೈಯಲ್ಲಿ ಸೀಸಿಯಂ-137ರ ಪ್ರಮಾಣ ಏರುತ್ತಲೇ ಹೋಯಿತು.

ಕಾರಣ ನಮ್ಮ ತೆಂಗು ಬೆಳೆಗಾರರಿಗೆ ಸುಲಭವಾಗಿ ಅರ್ಥವಾಗುವಂಥದ್ದು. ತೆಂಗಿಗೆ ಪೊಟ್ಯಾಷ್ ಹೆಚ್ಚು ಬೇಕು. ಹವಳದ ಮರಳಿನಲ್ಲಿ ಪೊಟ್ಯಾಷ್ ಇಲ್ಲವೆಂಬಷ್ಟು ಕಡಿಮೆ. ಸೀಸಿಯಂ ರಾಸಾಯನಿಕವಾಗಿ ಪೊಟ್ಯಾಸಿಯಂನ ದಾಯಾದಿ. ಹಸಿದ ಬೇರು ಅದನ್ನೇ ಪೊಟ್ಯಾಷ್ ಎಂದು ಹೀರುತ್ತದೆ. ಅಲ್ಲಿಂದ ಎಳನೀರಿಗೆ, ಕಾಯಿಗೆ, ದೀವಿ ಹಲಸಿಗೆ, ಕೇದಗೆ ಜಾತಿಯ ಹಣ್ಣಿಗೆ. ಆ ಕಾಯಿಗಳನ್ನೇ ತಿಂದು ಬೆಳೆಯುವ ತೆಂಗಿನ ಏಡಿಗೆ. ಕೊನೆಗೆ ಮನುಷ್ಯನಿಗೆ. ದ್ವೀಪದಲ್ಲಿ ಸುಮ್ಮನೆ ನಡೆದಾಡಿದರೆ ಅಪಾಯ ಕಡಿಮೆ. ಅಲ್ಲಿ ಬೆಳೆದದ್ದನ್ನು ಉಂಡು ಬದುಕಿದರೆ ಅಪಾಯ. ಅಂದರೆ ಪ್ರವಾಸಿಗೆ ಬಿಕಿನಿ ಸುರಕ್ಷಿತ, ನಿವಾಸಿಗೆ ಅಲ್ಲ! ಮಣ್ಣಿಗೆ ಪೊಟ್ಯಾಷ್ ಗೊಬ್ಬರ ಹಾಕಿದರೆ ಗಿಡ ಹೀರುವ ಸೀಸಿಯಂ ಬಹಳಷ್ಟು ತಗ್ಗುತ್ತದೆ ಎಂದು ಮುಂದೆ ವಿಜ್ಞಾನಿಗಳು ಕಂಡುಕೊಂಡರು. ಅಷ್ಟರಲ್ಲಿ ಕಾಲ ಮೀರಿತ್ತು. 1978ರಲ್ಲಿ ಬಿಕಿನಿಯವರನ್ನು ಎರಡನೇ ಸಲ ಊರು ಬಿಡಿಸಲಾಯಿತು.

ಇದನ್ನೆಲ್ಲ ಕಂಡ ರಾಂಗೆಲಾಪ್‌ನ ಜನ ಸರ್ಕಾರದ ಮಾತಿಗೆ ಕಾಯದೆ 1985ರ ಮೇ ತಿಂಗಳಿನಲ್ಲಿ ತಾವೇ ಊರು ತೊರೆದರು. ಗ್ರೀನ್‌ಪೀಸ್ ಸಂಘಟನೆಯ 'ರೇನ್‌ಬೋ ವಾರಿಯರ್' ಹಡಗು ಸುಮಾರು ಮುನ್ನೂರು ಮಂದಿಯನ್ನೂ ಅವರ ಮನೆಗಳ ಮರಮುಟ್ಟುಗಳನ್ನೂ ಹಲವು ಸುತ್ತಿನಲ್ಲಿ ಮೆಜಾಟೊ ದ್ವೀಪಕ್ಕೆ ಸಾಗಿಸಿತು. ಎರಡು ತಿಂಗಳೊಳಗೆ, ಜುಲೈ 10ರಂದು, ಅದೇ ಹಡಗನ್ನು ನ್ಯೂಜಿಲೆಂಡಿನ ಆಕ್ಲೆಂಡ್ ಬಂದರಿನಲ್ಲಿ ಬಾಂಬಿಟ್ಟು ಮುಳುಗಿಸಲಾಯಿತು. ಛಾಯಾಗ್ರಾಹಕ ಫರ್ನಾಂಡೊ ಪೆರೇರಾ ಸತ್ತರು. ಬಾಂಬಿಟ್ಟವರು ಫ್ರಾನ್ಸ್ ಸರ್ಕಾರದ ಗುಪ್ತಚರರು!

ಫ್ರಾನ್ಸ್, ಬ್ರಿಟನ್‌ಗಳ ಪಾಲು

ಫ್ರಾನ್ಸಿಗೇಕೆ ಆ ಹಡಗಿನ ಮೇಲೆ ಅಷ್ಟು ಸಿಟ್ಟು? ಅದು ಮುಂದೆ ಮೊರುರೋವ ದ್ವೀಪದತ್ತ ಪ್ರತಿಭಟನೆಗೆ ಹೊರಡುವುದರಲ್ಲಿತ್ತು. ಫ್ರಾನ್ಸ್ ಮೊದಲು ಪರೀಕ್ಷೆ ನಡೆಸುತ್ತಿದ್ದುದು ಅಲ್ಜೀರಿಯಾದ ಮರುಭೂಮಿಯಲ್ಲಿ. 1962ರಲ್ಲಿ ಅಲ್ಜೀರಿಯಾ ಸ್ವತಂತ್ರವಾದ ಮೇಲೆ ಹೊಸ ಜಾಗ ಬೇಕಾಯಿತು. 1966ರ ಜುಲೈ 2ರಂದು ಫ್ರೆಂಚ್ ಪಾಲಿನೇಷಿಯಾದ ಮೊರುರೋವದಲ್ಲಿ ಮೊದಲ ಬಾಂಬ್ ಸಿಡಿಯಿತು. ಅಲ್ಲಿಂದ 1996ರವರೆಗೆ ಮೊರುರೋವ, ಫಂಗಟೌಫಗಳಲ್ಲಿ ನಡೆದದ್ದು 193 ಪರೀಕ್ಷೆಗಳು. 1974ರ ಜುಲೈ 17ರ ಸ್ಫೋಟದ ಮೋಡ ಜನನಿಬಿಡ ಟಹೀಟಿಯ ಮೇಲೆಯೇ ಹಾದುಹೋಯಿತು. ಸುಮಾರು 1,10,000 ಜನ ಅದರ ವ್ಯಾಪ್ತಿಗೆ ಸಿಕ್ಕಿದ್ದರೆಂದು 2021ರಲ್ಲಿ ಹೊರಬಂದ ಅಧ್ಯಯನವೊಂದು ಹೇಳಿತು.

1973ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳು ಫ್ರಾನ್ಸನ್ನು ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆದವು. ನ್ಯೂಜಿಲೆಂಡ್ ತನ್ನ ಸಚಿವರೊಬ್ಬರನ್ನೇ ಯುದ್ಧನೌಕೆಯಲ್ಲಿ ಮೊರುರೋವದ ಬಳಿಗೆ ಕಳಿಸಿತು. 1974ರ ನಂತರ ಫ್ರಾನ್ಸ್ ಆಕಾಶ ಬಿಟ್ಟು ಹವಳದ ಹೊಟ್ಟೆ ಕೊರೆದು ಭೂಗತ ಪರೀಕ್ಷೆ ಮುಂದುವರಿಸಿತು. ಕೆಲಕಾಲ ನಿಲ್ಲಿಸಿದ್ದನ್ನು 1995ರಲ್ಲಿ ಅಧ್ಯಕ್ಷ ಶಿರಾಕ್ ಪುನಃ ಆರಂಭಿಸಿದಾಗ ಟಹೀಟಿಯ ವಿಮಾನ ನಿಲ್ದಾಣಕ್ಕೆ ಜನ ಬೆಂಕಿ ಹಚ್ಚಿದರು. 1996ರ ಜನವರಿ 27ರಂದು ಕೊನೆಯ ಬಾಂಬ್ ಸಿಡಿಯಿತು.

ಬ್ರಿಟನ್ 1957-58ರಲ್ಲಿ ಮಾಲ್ಡನ್ ಮತ್ತು ಕ್ರಿಸ್ಮಸ್ ದ್ವೀಪಗಳಲ್ಲಿ ಒಂಬತ್ತು ಪರೀಕ್ಷೆ ನಡೆಸಿತು. ಆಗ ಬ್ರಿಟಿಷ್ ವಸಾಹತಾಗಿದ್ದ ಫಿಜಿಯ ಸೈನಿಕರನ್ನೂ ನಾವಿಕರನ್ನೂ ಅಲ್ಲಿ ದುಡಿಸಿಕೊಂಡಿತು. 1962ರ ಜುಲೈ 9ರಂದು ಅಮೆರಿಕ ಜಾನ್ಸ್‌ಟನ್ ದ್ವೀಪದ ಮೇಲೆ 400 ಕಿಲೋಮೀಟರ್ ಎತ್ತರದಲ್ಲಿ ಸಿಡಿಸಿದ ಬಾಂಬಿಗೆ ಸುಮಾರು 1,400 ಕಿಲೋಮೀಟರ್ ದೂರದ ಹವಾಯಿಯಲ್ಲಿ ಬೀದಿ ದೀಪಗಳು ಆರಿಹೋದವು. ಮರುವರ್ಷ, 1963ರಲ್ಲಿ, ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್‌ಗಳು ವಾತಾವರಣದಲ್ಲಿ ಪರೀಕ್ಷೆ ನಿಷೇಧಿಸುವ ಒಪ್ಪಂದಕ್ಕೆ ಸಹಿ ಹಾಕಿದವು.

ಕಾಂಕ್ರೀಟಿನ ಮುಚ್ಚಳ

ಎನೆವೆಟಕ್‌ನ ರುನಿಟ್ ದ್ವೀಪದಲ್ಲಿ ಇಂದು ಕವುಚಿಟ್ಟ ಭಾರೀ ಬೋಗುಣಿಯಂಥ ಕಟ್ಟಡವೊಂದಿದೆ. 1958ರ ಸ್ಫೋಟವೊಂದರ ಗುಂಡಿ ಅದು. 1977ರಿಂದ 1980ರವರೆಗೆ ಅಮೆರಿಕದ ಸೈನಿಕರು ದ್ವೀಪಗಳ ಕಲುಷಿತ ಮಣ್ಣನ್ನು ಕೆರೆದು ತಂದು ಆ ಗುಂಡಿಗೆ ಸುರಿದು, ಮೇಲೆ 46 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಮುಚ್ಚಿದರು. ಮೇಲೆ ಮುಚ್ಚಳವೇನೋ ಇದೆ, ತಳಕ್ಕೆ ಏನೂ ಹಾಕಿಲ್ಲ. ಅಡಿಯ ಹವಳದ ರಂಧ್ರಗಳ ಮೂಲಕ ಕಡಲ ನೀರು ಉಬ್ಬರವಿಳಿತಕ್ಕೆ ತಕ್ಕಂತೆ ಬಂದು ಹೋಗುತ್ತದೆ. ಒಳಗಿರುವ ಪ್ಲುಟೋನಿಯಂ ಅರ್ಧದಷ್ಟು ಕರಗಲು 24,000 ವರ್ಷ ಬೇಕು. ಸಮುದ್ರಮಟ್ಟ ಏರುತ್ತಿರುವ ಈ ಕಾಲದಲ್ಲಿ ಅಲ್ಲಿನವರಿಗೆ ಅದು ನಿತ್ಯದ ಚಿಂತೆ.

ಪರಿಹಾರ? 1986ರ ಒಪ್ಪಂದದಂತೆ ಅಮೆರಿಕ 15 ಕೋಟಿ ಡಾಲರ್ ನಿಧಿ ಕೊಟ್ಟಿತು. ಅದರಡಿ ರಚಿತವಾದ ನ್ಯಾಯಮಂಡಳಿ 2001ರಲ್ಲಿ ಬಿಕಿನಿಯವರಿಗೆ ಮಾತ್ರವೇ 56 ಕೋಟಿ ಡಾಲರಿಗೂ ಹೆಚ್ಚು ಸಲ್ಲಬೇಕೆಂದಿತು. ನಿಧಿಯಲ್ಲಿ ಅಷ್ಟು ಹಣವೇ ಇರಲಿಲ್ಲ. ಅವರು ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 2010ರಲ್ಲಿ ಅದು ಅರ್ಜಿಯನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. 2024ರಲ್ಲಿ ಜಾರಿಯಾದ ಹೊಸ ಒಪ್ಪಂದ ಇಪ್ಪತ್ತು ವರ್ಷಗಳಲ್ಲಿ ಮಾರ್ಷಲ್ ದ್ವೀಪಗಳಿಗೆ 230 ಕೋಟಿ ಡಾಲರ್ ನೆರವು ಕೊಡುತ್ತದೆ. ಹಳೆಯ ಲೆಕ್ಕ ತೀರಿತು ಎಂದು ದ್ವೀಪವಾಸಿಗಳು ಮಾತ್ರ ಒಪ್ಪಿಲ್ಲ.

ಬ್ರಾವೊ ಸಿಡಿದಾಗ ಲಿಕಿಯೆಪ್ ದ್ವೀಪದಲ್ಲಿ ಅಜ್ಜನೊಡನೆ ಮೀನು ಹಿಡಿಯುತ್ತಿದ್ದ ಒಂಬತ್ತು ವರ್ಷದ ಹುಡುಗನೊಬ್ಬ ಆ ಬೆಳಕನ್ನು ಕಂಡಿದ್ದ. ಆತ ಟೋನಿ ಡಿಬ್ರಮ್. ದೊಡ್ಡವನಾಗಿ ತನ್ನ ದೇಶದ ವಿದೇಶಾಂಗ ಸಚಿವನಾದ ಆತನ ಮುಂದಾಳ್ತನದಲ್ಲಿ 2014ರಲ್ಲಿ ಮಾರ್ಷಲ್ ದ್ವೀಪಗಳು ಒಂಬತ್ತು ಅಣ್ವಸ್ತ್ರ ರಾಷ್ಟ್ರಗಳ ಮೇಲೆ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಿದವು. ಹಣ ಕೇಳಲಿಲ್ಲ. ನಿಶ್ಶಸ್ತ್ರೀಕರಣದ ಮಾತುಕತೆ ನಡೆಸುವ ಕರ್ತವ್ಯವನ್ನು ಪಾಲಿಸಿ ಎಂದಷ್ಟೇ ಕೇಳಿದವು. ನ್ಯಾಯಾಲಯದ ಕಡ್ಡಾಯ ಅಧಿಕಾರ ವ್ಯಾಪ್ತಿಯನ್ನು ಒಪ್ಪಿಕೊಂಡಿದ್ದ ಮೂರು ದೇಶಗಳ ವಿರುದ್ಧ ಮಾತ್ರ ಮೊಕದ್ದಮೆ ಮುಂದುವರಿಯಿತು: ಬ್ರಿಟನ್, ಪಾಕಿಸ್ತಾನ ಮತ್ತು ಭಾರತ. 1954ರಲ್ಲಿ ಈ ದ್ವೀಪಗಳ ಸ್ಫೋಟ ಕಂಡು ಪರೀಕ್ಷೆ ನಿಲ್ಲಿಸಿ ಎಂದಿದ್ದ ಭಾರತ, 1974 ಮತ್ತು 1998ರ ಪೋಖರಣ್‌ಗಳ ನಂತರ ಅದೇ ದ್ವೀಪಗಳ ಎದುರು ಪ್ರತಿವಾದಿಯಾಗಿ ನಿಂತಿತ್ತು. 2016ರ ಅಕ್ಟೋಬರ್ 5ರಂದು, ಪಕ್ಷಗಳ ನಡುವೆ ವಿವಾದವಿರುವುದು ಸಾಬೀತಾಗಿಲ್ಲ ಎಂಬ ತಾಂತ್ರಿಕ ಕಾರಣಕ್ಕೆ ಮೊಕದ್ದಮೆಗಳು ಬಿದ್ದುಹೋದವು. ಭಾರತದ ವಿಷಯದಲ್ಲಿ ಮತ 9-7. ಬ್ರಿಟನ್ ವಿಷಯದಲ್ಲಿ 8-8, ಅಧ್ಯಕ್ಷರ ನಿರ್ಣಾಯಕ ಮತದಿಂದ ತೀರ್ಪು. ಮರುವರ್ಷ ಡಿಬ್ರಮ್ ತೀರಿಕೊಂಡ.

ಬಿಕಿನಿಯನ್ನು 2010ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಅಲ್ಲಿ ಕಾಯಂ ವಾಸಿಗಳಿಲ್ಲ. ಊರಿನವರ ಮಕ್ಕಳು, ಮೊಮ್ಮಕ್ಕಳು ಕಿಲಿಯಲ್ಲಿ, ರಾಜಧಾನಿ ಮಜುರೊ ಬಳಿಯ ಎಜಿಟ್‌ನಲ್ಲಿ, ಅಮೆರಿಕದ ಊರುಗಳಲ್ಲಿ ಹಂಚಿಹೋಗಿದ್ದಾರೆ. ಮಾರ್ಚ್ 1 ಮಾರ್ಷಲ್ ದ್ವೀಪಗಳಲ್ಲಿ ಅಣುಸಂತ್ರಸ್ತರ ಸ್ಮರಣೆಯ ದಿನ, ಸಾರ್ವಜನಿಕ ರಜೆ.

ಬಿಕಿನಿಯವರಿಗೆ ತಮ್ಮದೇ ಒಂದು ಧ್ವಜವಿದೆ. ಬೇಕೆಂದೇ ಅಮೆರಿಕದ ಧ್ವಜವನ್ನು ಹೋಲುವಂತೆ ಮಾಡಿಕೊಂಡದ್ದು. ಪಟ್ಟೆಗಳ ಜೊತೆಗೆ ಬಿಕಿನಿಯ 23 ದ್ವೀಪಗಳಿಗೆ 23 ಬಿಳಿಯ ನಕ್ಷತ್ರಗಳು. ಬ್ರಾವೊ ಸ್ಫೋಟಕ್ಕೆ ಆವಿಯಾಗಿಹೋದ ಮೂರು ದ್ವೀಪಗಳಿಗೆ ಮೂರು ಕಪ್ಪು ನಕ್ಷತ್ರಗಳು. ಕೆಳಗೆ ಇನ್ನೆರಡು ಕಪ್ಪು ನಕ್ಷತ್ರಗಳು, ನಿರಾಶ್ರಿತರಾಗಿ ನೆಲೆಸಿರುವ ಕಿಲಿ ಮತ್ತು ಎಜಿಟ್‌ಗಳಿಗೆ. ಅದರ ಮೇಲೆ ಅವರ ಭಾಷೆಯಲ್ಲಿ ಬರೆದಿರುವುದು 1946ರ ಆ ಭಾನುವಾರ ಜುಡಾ ಆಡಿದ ಮಾತು: ಎಲ್ಲವೂ ದೇವರ ಕೈಯಲ್ಲಿದೆ. ಆ ಮಾತನ್ನು ಅಮೆರಿಕ ಒಪ್ಪಿಗೆ ಎಂದು ಬರೆದುಕೊಂಡಿತು. ಧ್ವಜದ ಮೇಲೆ ಅದು ತೀರದ ಸಾಲದ ಪತ್ರದಂತಿದೆ.